ಸೈಕಲ್ ಕಲಿತ ನೀಲತ್ತೆ

ಕಾದ ಬ್ರೇಕ್ ರಬ್ಬರಿನ ಕಮಟು ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಆಂಟಾಪ್ ಹಿಲ್‌ನ ನಮ್ಮ ಚಾಳು ನೆನಪಾಗುತ್ತದೆ. ಒಂದೇ ಖೋಲಿ, ಅದರ ಮುಂದೆ ಉದ್ದನೆಯ ಗ್ಯಾಲರಿ, ಗೋಡೆಗೆ ಒರಗಿಸಿಟ್ಟ ಅಪ್ಪನ ಹಳೆಯ ಸೈಕಲ್. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಗದಗಿನ ಕಡೆಯಿಂದ ಬಂದ ಅಪ್ಪ ಬಾಂದ್ರಾದಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವನ ತಂಗಿ ನೀಲತ್ತೆ ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗಿರಲು ಬಂದು, ಸಯನ್‌ನ ಮೂರು ಕನ್ನಡ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಆಕೆಯ ಬಲಗೈ ಒಂದೇ ಲಯದಲ್ಲಿ ಬೀಳುತ್ತಿತ್ತು. ರೊಟ್ಟಿ ತನ್ನಷ್ಟಕ್ಕೆ ತಾನೇ ತಿರುಗುತ್ತ ಹಿಗ್ಗುತ್ತಿತ್ತು. ಅಂಥದೊಂದು ಕೈ ನಿಮ್ಮ ಮನೆಯಲ್ಲೂ ಇದ್ದಿರಬಹುದು.

ನಡೆದು ನಡೆದು ಅವಳ ಕಾಲು ಬಾತುಕೊಳ್ಳುವುದನ್ನು ನೋಡಲಾರದೆ ಅಪ್ಪ ಅವಳಿಗೆ ಸೈಕಲ್ ಕಲಿಸಿದ. ಇಳಕಲ್ ಸೀರೆಯ ಕಚ್ಚೆ ಹಾಕಿ ಅವಳು ಹತ್ತಿದಾಗ ಚಾಳಿನ ಹೆಂಗಸರೆಲ್ಲ ಗ್ಯಾಲರಿಗೆ ಬಂದು ನಿಂತರು. ಅಪ್ಪ ಹಿಂದೆ ಓಡುತ್ತ ಹೇಳುತ್ತಿದ್ದ: "ಮುಂದಿನ ಬ್ರೇಕ್ ಒಮ್ಮೆಲೆ ಹಿಡೀಬ್ಯಾಡ ನೀಲಾ. ಹಿಂದಿಂದು ಮೊದಲ, ಮುಂದಿಂದು ಆಮ್ಯಾಲೆ, ಮೆತ್ತಗ. ಮಳ್ಯಾಗ ಗಾಲಿ ತೊಯ್ದಿರತೈತಿ, ಇಳಿಜಾರ ಬರೂಕಿಂತ ಮೊದಲ ಹಿಡಕೋತ ಹೋಗು." ತಿಂಗಳೊಪ್ಪತ್ತಿನಲ್ಲಿ ನೀಲತ್ತೆ ನನ್ನನ್ನು ಹಿಂದೆ ಕೂಡಿಸಿಕೊಂಡು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುವಷ್ಟಾದಳು.

ನನಗಾಗ ಹನ್ನೊಂದು ವರ್ಷ. ಒಂದು ಬೆಳಿಗ್ಗೆ ಅಪ್ಪ ಮುಂದಿನ ಗಾಲಿ ಬಿಚ್ಚಿ ಪಂಕ್ಚರ್ ತಿದ್ದಿದ. ಲೋಕಲ್ ರೈಲು ತಪ್ಪುತ್ತದೆಂದು ಗಾಲಿಯನ್ನು ಹಾಗೇ ಬಿಟ್ಟು ಓಡಿದ. ಅವನು ಮಾಡುವುದನ್ನು ನೋಡಿ ಕಲಿತಿದ್ದ ನಾನು ಹಮ್ಮಿನಿಂದ ಪಾನಾ ಕೈಗೆತ್ತಿಕೊಂಡೆ. ಗಾಲಿಯನ್ನು ಸರಿಯಾಗಿ ನಡುವೆ ಕೂಡಿಸಿದೆ, ಬಲಗಡೆಯ ನಟ್ ಬಿಗಿ ಮಾಡಿದೆ. ಎಡಗಡೆಗೆ ತಿರುಗುವಷ್ಟರಲ್ಲಿ "ನಳ ಬಂತು" ಎಂದು ಯಾರೋ ಕೂಗಿದರು. ನಟ್ಟನ್ನು ಬೆರಳಲ್ಲೇ ತಿರುವಿ, ಕೊಡ ಹಿಡಿದು ಓಡಿದೆ. ಮರಳಿ ಬಂದಾಗ ನೀಲತ್ತೆ ಹೊರಟು ನಿಂತಿದ್ದಳು. "ಎರಡೂ ಕಡೆ ಬಿಗಿ ಮಾಡಿಯೇನವ್ವಾ?" ಎಂದಳು. ನಾನು ಹೂಂ ಎಂದೆ.

ಹೊರಗೆ ತುಂತುರು ಹನಿಯುತ್ತಿತ್ತು. ಇಳಿಜಾರಿನ ಕೆಳಗೆ ಕೈಗಾಡಿಯೊಂದು ಅಡ್ಡ ಬಂತು. ನೀಲತ್ತೆ ಕಲಿತಂತೆಯೇ ಹಿಂದಿನ ಬ್ರೇಕ್ ಹಿಡಿದಳು, ಆಮೇಲೆ ಮುಂದಿನದು. ಮುಂದಿನ ಗಾಲಿ ಓರೆಯಾಗಿ ಸಿಕ್ಕಿಕೊಂಡಿತು. ನಾನು ಕೆಸರಿನಲ್ಲಿ ಬಿದ್ದೆ. ಅವಳು ಬಲಗೈಯೂರಿ ಬಿದ್ದಳು. ರಸ್ತೆಯಲ್ಲೇ ಕುಳಿತು, ಅಲ್ಲಿ ಉರುಳಿದ್ದ ನಟ್ಟನ್ನು ಎಡಗೈಯಿಂದ ಆರಿಸಿಕೊಂಡಳು. ಅದನ್ನು ನೋಡಿದಳು, ನನ್ನನ್ನು ನೋಡಿದಳು, ಸೊಂಟಕ್ಕೆ ಸಿಕ್ಕಿಸಿದಳು. "ಏಳವ್ವಾ, ಸಾಲಿಗೆ ಹೊತ್ತಾಗತೈತಿ."

ಸಂಜೆ ಪ್ಲಾಸ್ಟರ್ ಹಾಕಿದ ಕೈ ಹಿಡಿದು ಕುಳಿತವಳು ಅಪ್ಪನಿಗೆ, "ತಪ್ಪು ನಂದಣ್ಣಾ. ಹೆದರಿ ಮುಂದಿಂದು ಜೋರ ಹಿಡದೆ" ಎಂದಳು. ಇಷ್ಟು ಹೇಳಿಕೊಟ್ಟರೂ ಹೀಗೆ ಮಾಡಿದಳಲ್ಲ ಎಂದು ಅಪ್ಪ ಬೈದ. ನಾನು ಅವ್ವನ ಸೆರಗಿನ ಹಿಂದೆ ಸರಿದೆ. ಆ ರವಿವಾರ, ಅಪ್ಪ ಸಂತೆಗೆ ಹೋದಾಗ, ನೀಲತ್ತೆ ನನ್ನನ್ನು ಗ್ಯಾಲರಿಯಲ್ಲಿ, ಬಿದ್ದ ದಿನದಿಂದ ಗೋಣಿ ಹೊದಿಸಿಟ್ಟಿದ್ದ ಸೈಕಲ್ಲಿನ ಮುಂದೆ ಕೂಡಿಸಿ ಅದೇ ನಟ್ಟನ್ನು ಕೈಗಿತ್ತಳು. "ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗಿ ಮಾಡು. ಗಾಲಿ ತಿರುವಿ ನೋಡು, ರಬ್ಬರ್ ತಾಗಬಾರದು. ಬ್ರೇಕ್ ಹಿಡದು ಮುಂದಕ ನೂಕು, ಅಲ್ಲಾಡಬಾರದು." ಬಿಚ್ಚಿಸಿದಳು, ಮತ್ತೆ ಹಾಕಿಸಿದಳು, ನನ್ನ ಬೆರಳು ಕಪ್ಪಾಗಿ ಉರಿಯುವ ತನಕ.

ಮುರಿದ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತು. ಸಯನ್‌ನ ಮನೆಗಳವರು ಬೇರೆಯವರನ್ನು ಗೊತ್ತು ಮಾಡಿಕೊಂಡರು. ನೀಲತ್ತೆ ಬಾಲವಾಡಿಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು, ಅಲ್ಲಿಗೂ ಸೈಕಲ್ ಮೇಲೆಯೇ ಹೋದಳು. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಮಾತ್ರ ಎದ್ದು ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದಳು.

ಚಾಳು ಈಗಿಲ್ಲ, ಅಪ್ಪ, ಅವ್ವ ಇಬ್ಬರೂ ಇಲ್ಲ. ಎಲ್ಲರಿಗಿಂತ ಮೊದಲು ಹೋದವಳು ನೀಲತ್ತೆ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅವಳ ತಲೆ ಬಾಚುತ್ತ ನಾನು, "ಅತ್ತಿ, ಆ ದಿನ..." ಎಂದು ಶುರು ಮಾಡಿದೆ. ಅವಳು ಕಣ್ಣು ತೆರೆಯಲಿಲ್ಲ. "ಅವತ್ತ ಮಳಿ ಭಾಳ ಇತ್ತವ್ವಾ" ಎಂದಳು. ಬರೀ ತುಂತುರು ಬಿದ್ದಿದ್ದ ಆ ದಿನದ ಮಾತನ್ನು ಬಿಟ್ಟು ನಾನು ಅವಳ ಜಡೆ ಹೆಣೆದೆ. ಈಗ ಹೇಳಬಲ್ಲೆ, ಕೇಳಿಸಿಕೊಳ್ಳಬೇಕಾದವಳು ಇಲ್ಲ.