ಎಲ್ಲ ಪರದೆಗೂ ಒಂದೇ ಗಳಿಗೆ

ನಮ್ಮಕ್ಕನಿಗೆ ಅವಳ ಕಂಪನಿಯಲ್ಲಿ ಇಟ್ಟಿರುವ ಹೆಸರು 'ಅರೆಗಳಿಗೆ'. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ. ನಿಲ್ದಾಣಗಳಲ್ಲಿ, ಆಟದ ಮೈದಾನಗಳಲ್ಲಿ, ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಒಂದೇ ವಿಡಿಯೋವನ್ನು ಹತ್ತಾರು ಪರದೆಗಳಿಗೆ ಹಂಚುವ ಏರ್ಪಾಟಿನ ನಕ್ಷೆ ಹಾಕುವುದು ಅವಳ ಕೆಲಸ. ಕೇಬಲ್ ಯಾವ ಗೋಡೆ ಹಿಡಿದು ಹೋಗಬೇಕು, ಯಾವ ಕಂಬ ಯಾರ ಕಣ್ಣಿಗೆ ಅಡ್ಡ ಬರುತ್ತದೆ, ಮಧ್ಯಾಹ್ನದ ಬಿಸಿಲು ಯಾವ ಕಿಟಕಿಯಿಂದ ಬಂದು ಪರದೆಗೆ ಹೊಡೆಯುತ್ತದೆ, ಎಲ್ಲ ಅವಳೇ ನೋಡಬೇಕು. ನೋಡಿ ಮುಗಿಸಿದ ಮೇಲೂ ಒಂದು ಮಾತು ಬಾಕಿ ಇರುತ್ತದೆ: "ಆ ಮೂಲೆ ಪರದೆ ಅರೆಗಳಿಗೆ ತಡ." ಬೇರೆ ಯಾರ ಕಣ್ಣಿಗೂ ಬೀಳದ ತಡ ಅದು. ಊಟದಲ್ಲಿ ಕಲ್ಲು ಸಿಕ್ಕವರ ಹಾಗೆ ಮುಖ ಮಾಡಿಕೊಂಡು ಮತ್ತೆ ಏಣಿ ಹತ್ತುತ್ತಾಳೆ.

ಈ ಹುಚ್ಚು ಹತ್ತಿಸಿದ್ದು ಒಂದು ಫುಟ್‌ಬಾಲ್ ಪಂದ್ಯ. ಅವಳು ಕೆಲಸಕ್ಕೆ ಸೇರಿದ ಹೊಸತು. ಅಂಗಡಿಗಳ ದೊಡ್ಡ ಕಟ್ಟಡವೊಂದರಲ್ಲಿ ಮಹಡಿಗೊಂದು ಪರದೆ ಹಾಕಿ ಪಂದ್ಯ ತೋರಿಸಿದರು. ಚಿತ್ರ ದಾರಿಯಲ್ಲಿ ಒಂದೊಂದು ಪೆಟ್ಟಿಗೆ ದಾಟುವಾಗಲೂ ಚೂರು ಚೂರೇ ಹಿಂದೆ ಬೀಳುತ್ತದಂತೆ. ಅದು ಮೇಲಿನ ಮಹಡಿಗೆ ತಲುಪುವಷ್ಟರಲ್ಲಿ ಕೆಳಗಿನವರು ಅಯ್ಯೋ ಅಂತ ಕೂಗಿ ಮುಗಿಸಿದ್ದರು. ಮೇಲಿನವರು ಮೊದಲು ಕೂಗು ಕೇಳಿದರು, ಆಮೇಲೆ ಗೋಲು ನೋಡಿದರು. ಹಳಸಿದ ಗೋಲು. ಎಲ್ಲರೂ ನಕ್ಕು ಮರೆತರೆ ಅಕ್ಕ ಮನೆಗೆ ಬಂದು ಊಟ ಬಿಟ್ಟು ಕೂತಳು. "ಕೆಳಗಿನವರಿಗೆ ಮೊದಲು ಗೊತ್ತಾದ್ರೆ ಮೇಲಿನವರಿಗೆ ನಾವು ತೋರ್ಸಿದ್ದಾದ್ರೂ ಏನು?" ಅಂದಳು. "ಎದುರು ತಂಡದ ಗೋಲು ತಾನೆ, ತಡವಾಗಿ ಬಂದಷ್ಟೂ ಒಳ್ಳೇದು," ಅಂತ ಭಾವ ಅವಳನ್ನು ನಗಿಸಿ ಊಟಕ್ಕೆ ಎಬ್ಬಿಸಿದರು. ಭಾವ ಇದ್ದ ಮನೆಯಲ್ಲಿ ಯಾವ ಸಿಟ್ಟಿಗೂ ಹೆಚ್ಚು ಆಯುಷ್ಯ ಇರಲಿಲ್ಲ.

ಭಾವ ಬಟ್ಟೆ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಹೋದ ವರ್ಷದ ಹಿಂದಿನ ವರ್ಷ ಅದು ಸಿಡಿಯಿತು. ಪಕ್ಕದ ಮಗ್ಗದ ಸಾಲಿನ ಮೇಲೆ ಗೋಡೆಯೇ ಬಿತ್ತು. ಸತ್ತವರಲ್ಲಿ ಹೆಚ್ಚಿನವರು ಮಗ್ಗದ ಹೆಂಗಸರು. ಭಾವನೂ ಉಳಿಯಲಿಲ್ಲ. ಕಣ್ಣೀರು ಆರುವ ಮೊದಲೇ ಊರಲ್ಲಿ ಮಾತು ಹುಟ್ಟಿತು: ಬಾಯ್ಲರ್‌ನವನೇ ಕೊಂದ. ಸತ್ತವನೇನು ಎದ್ದು ಬಂದು ಅಲ್ಲ ಅನ್ನುತ್ತಾನೆಯೇ? ಆ ಹೊರೆಯನ್ನು ಹೊತ್ತವರು ಅತ್ತೆ, ಅಂದರೆ ಭಾವನ ತಾಯಿ. ಅಂಗಡಿಯ ಸಾಲಿನಲ್ಲಿ ಅವರು ನಿಂತರೆ ಮುಂದಿನವರೂ ಸರಿಯುತ್ತಿದ್ದರು, ಹಿಂದಿನವರೂ ಸರಿಯುತ್ತಿದ್ದರು. ಹಿಂದಿನ ಬೀದಿಯ ದರ್ಜಿಯಮ್ಮ ಅತ್ತೆಯ ಹಳೇ ಗೆಳತಿ. ಮಗ್ಗದ ಸಾಲಿನಲ್ಲಿ ಮಗಳನ್ನು ಕಳೆದುಕೊಂಡವರು. ಅವರಂತೂ ಅತ್ತೆಯನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ನಾನಾಗಿದ್ದರೆ ನಡುಬೀದಿಯಲ್ಲೇ ಜಗಳ ತೆಗೆಯುತ್ತಿದ್ದೆ. ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು.

ವಿಚಾರಣೆಗೆ ಆಯೋಗ ಕೂತಿತು. ವರದಿ ಓದುವ ದಿನವೂ ಗೊತ್ತಾಯಿತು. ಬರುವ ಜನಕ್ಕೆ ಯಾವ ಸಭಾಂಗಣವೂ ಸಾಲದು. ಹಾಗಾಗಿ ಹಳೇ ನಗರಸಭೆ ಕಟ್ಟಡದ ಸಭಾಂಗಣ, ಜನ ಪೇಪರ್ ಓದುವ ಕೋಣೆ, ಕ್ಯಾಂಟೀನು, ಮೆಟ್ಟಿಲ ಬುಡ, ಎಲ್ಲ ಕಡೆ ಪರದೆ ಹಾಕುವುದೆಂದು ತೀರ್ಮಾನವಾಗಿ ಕೆಲಸ ಅಕ್ಕನ ಕಂಪನಿಗೆ ಬಂತು. ಅಕ್ಕ ಮೊದಲು ಯಜಮಾನರ ಮುಂದೆ ನಿಂತು, "ಆ ವರದೀಲಿ ನನ್ನ ಗಂಡನ ವಿಷಯ ಇದೆ, ಸಾರ್," ಅಂದಳು. ಅವರು ಆಯೋಗದ ಕಾರ್ಯದರ್ಶಿಯನ್ನು ಕೇಳಿದರು. "ತಂತಿಗೆ ನೆಂಟರಿಲ್ಲ, ಮಾಡ್ಲಿ," ಅಂದರಂತೆ ಕಾರ್ಯದರ್ಶಿ. ತಂತಿಗೆ ಇಲ್ಲದಿರಬಹುದು, ಊರಿನ ನಾಲಿಗೆಗೆ ಎಲುಬೂ ಇಲ್ಲವಲ್ಲ. "ಪರದೆ ಹಾಕೋಳು ಬಾಯ್ಲರ್‌ನವನ ಹೆಂಡ್ತೀನೇ ಅಂತೆ. ಆ ಮನೆಯವರಿಗೆ ಎಲ್ಲಾ ಮೊದಲೇ ಗೊತ್ತಾಗತ್ತೆ ಬಿಡಿ," ಅಂತ ಶುರುವಾಯಿತು.

ನಕ್ಷೆ ಹಾಕುವ ಮೊದಲು ಅಕ್ಕ ನನ್ನನ್ನು ಖಾಲಿ ಸಭಾಂಗಣದಲ್ಲಿ ನಿಲ್ಲಿಸಿ ತಾನು ಪಕ್ಕದ ಓದುವ ಕೋಣೆಗೆ ಹೋದಳು. "ಚೀರು. ಗಟ್ಟಿಯಾಗಿ ಅಳೋರ ಹಾಗೆ," ಅಂದಳು. ನನಗೆ ಚೀರುವುದನ್ನು ಹೇಳಿಕೊಡಬೇಕೇ? ಚೀರಿದೆ. ಅವಳು ಬಾಗಿಲಿಗೆ ಬಂದು ನಿಂತಾಗ ಮುಖ ಬಿಳಿಚಿಕೊಂಡಿತ್ತು.

"ಗೋಡೆ ದಾಟಿ ಬಂತು," ಅಂದಳು.

ಅವಳ ಸಂಕಟ ನನಗೆ ಆಮೇಲೆ ತಿಳಿಯಿತು. ವರದಿ ಓದುವವರು ಸಭಾಂಗಣದಲ್ಲಿ ಕೂತರೆ ಅಲ್ಲಿನವರಿಗೆ ಮಾತು ಆಗಲೇ ಮುಟ್ಟುತ್ತದೆ. ಅವರು ಚೀರುತ್ತಾರೆ. ಆ ಚೀರಾಟ ಗೋಡೆ ದಾಟಿ ಓದುವ ಕೋಣೆಗೆ ಬರುತ್ತದೆ, ಮಾತು ಮಾತ್ರ ಪರದೆಯಲ್ಲಿ ಅರೆಗಳಿಗೆ ತಡವಾಗಿ ಬರುತ್ತದೆ. ತಮ್ಮ ಮನೆಯ ಸುದ್ದಿಯನ್ನು ಜನ ಪರರ ಅಳುವಿನಿಂದ ತಿಳಿಯಬೇಕು. ಪರದೆ ಪರದೆಗಳನ್ನು ಒಂದಕ್ಕೊಂದು ಹೊಂದಿಸಬಹುದು, ಎದುರಿಗೆ ಕೂತು ಓದುವ ಮನುಷ್ಯನನ್ನು ಹೇಗೆ ಹೊಂದಿಸುವುದು?

ಅವಳು ನಕ್ಷೆಯನ್ನೇ ಬುಡಮೇಲು ಮಾಡಿದಳು. ಆಯೋಗದ ಮುಖ್ಯಸ್ಥರಾದ ಹಿರಿಯರು ಮೇಲಿನ ಮಹಡಿಯ ಮುಚ್ಚಿದ ಕೋಣೆಯಲ್ಲಿ ಕ್ಯಾಮೆರಾ ಮುಂದೆ ಕೂತು ಓದಲಿ. ಸಭಾಂಗಣದವರೂ ಪರದೆಯನ್ನೇ ನೋಡಲಿ. ಯಾರಿಗೂ ಮೊದಲು ಬೇಡ. ಮುಂದಿನ ಸಾಲಿನ ಕುರ್ಚಿಗಳನ್ನು ತಮ್ಮದು ಅಂದುಕೊಂಡಿದ್ದ ಗಣ್ಯರಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಇಷ್ಟಕ್ಕೆ ನಾವು ಮನೇಲೇ ಟಿವಿ ನೋಡಬಹುದಿತ್ತಲ್ಲ?" ಅಂದರು ಒಬ್ಬರು. "ನೋಡಬಹುದು, ಸಾರ್," ಅಂದಳು ಅಕ್ಕ. ಅಣಕವಲ್ಲ. ಅವಳಿಗೆ ಅಣಕ ಬರುವುದಿಲ್ಲ, ಅದೆಲ್ಲ ನನ್ನ ಪಾಲಿಗೇ ಬಂದಿದೆ. ಕೊನೆಗೆ ಒಪ್ಪಿದವರು ಆಯೋಗದ ಹಿರಿಯರೇ. "ಅವರ ಮುಖ ನೋಡ್ತಾ ಓದೋದು ಹೇಗೆ ಅಂತ ನನಗೂ ನಿದ್ದೆ ಇರ್ಲಿಲ್ಲಮ್ಮ," ಅಂದರಂತೆ.

ಇನ್ನೊಂದು ತೊಡಕಿತ್ತು. ಮಗ್ಗದವರಿಗೆ ಕಿವಿ ಮಂದ. ವರ್ಷಗಟ್ಟಲೆ ಮಗ್ಗದ ಸದ್ದು ತಿಂದ ಕಿವಿಗಳು. ಓದುವ ಮಾತೆಲ್ಲ ಪರದೆಯ ಕೆಳಗೆ ದಪ್ಪ ಅಕ್ಷರದಲ್ಲೂ ಬರಬೇಕು. ಹಾಗೆ ಬರಬೇಕಾದರೆ ವರದಿಯನ್ನು ಮೊದಲೇ ಯಂತ್ರಕ್ಕೆ ಹಾಕಿಟ್ಟಿರಬೇಕು. ಅಂದರೆ ಅದು ಅಕ್ಕನ ಕೈಗೆ ಬರುತ್ತದೆ.

ಇದು ಅತ್ತೆಯ ಕಿವಿಗೆ ಬಿತ್ತು. ಆ ಸಂಜೆ ಒಣಗಿದ ಬಟ್ಟೆ ಮಡಚುತ್ತಾ ಅವರು ಅಕ್ಕನನ್ನು ಕೇಳಿದರು.

"ಅವನದು ತಪ್ಪೋ ಅಲ್ವೋ, ಅಷ್ಟು ಮಾತ್ರ ನನಗೆ ಮೊದಲೇ ಹೇಳಮ್ಮ. ಬೇರೆ ಏನೂ ಬೇಡ."

"ಮೊದಲೇ ಗೊತ್ತಾದ್ರೆ ಏನು ಮಾಡ್ತೀರಿ, ಅತ್ತೆ?"

"ಮುಖ ಸರಿ ಮಾಡ್ಕೋತೀನಿ. ಆ ಹೆಂಗಸರೆಲ್ಲ ನನ್ನನ್ನೇ ನೋಡ್ತಿರ್ತಾರೆ. ಎಲ್ಲರೆದುರು ನನ್ನ ಮುಖ ಏನಾಗಿಬಿಡತ್ತೋ ಅಂತ ಹೆದರಿಕೆ."

ಅಕ್ಕ ಬಟ್ಟೆಯ ಇನ್ನೊಂದು ತುದಿ ಹಿಡಿದಳು. "ನಾನು ಅದನ್ನ ಓದಲ್ಲ, ಅತ್ತೆ," ಅಂದಳು. "ಓದಿದ್ರೆ ನಿಮಗೆ ಹೇಳದೆ ಇರೋಕೆ ನನ್ನಿಂದ ಆಗಲ್ಲ. ಅದಕ್ಕೇ ಓದಲ್ಲ."

ಅತ್ತೆ ಮಡಚಿಟ್ಟಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದರು. ನನಗೆ ಮೈ ಉರಿಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತ ಕೊರಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕೈಗೆ ಬಂದದ್ದನ್ನು ತಾನೇ ಬಾಯಿಗೆ ಬಿಡದವಳನ್ನು ಕಂಡದ್ದು ಅವತ್ತೇ. ಮುದುಕಿಯ ಒಂದು ಮಾತು ನಡೆಸಿಕೊಟ್ಟರೆ ಇವಳ ಗಂಟೇನು ಹೋಗುತ್ತಿತ್ತು? ಹಾಗಂತ ಅವಳಿಗೆ ಹೇಳಿಯೂ ಹೇಳಿದೆ. ಕೇಳಿಸಿಕೊಂಡಳು, ಅಷ್ಟೇ.

ಪರೀಕ್ಷೆ ಮಾಡಿ ನೋಡುವ ದಿನ ಕಾರ್ಯದರ್ಶಿ ವರದಿ ಇದ್ದ ಪೆನ್ ಡ್ರೈವ್ ತಂದು ಅವಳ ಮೇಜಿನ ಮೇಲಿಟ್ಟರು. ನಾನು ಅವಳಿಗೆ ಊಟ ಕೊಡಲು ಹೋಗಿದ್ದೆ. ಕಣ್ಣಲ್ಲೇ ಅವಳಿಗೆ ನೂರು ಸಲ ಹೇಳಿದೆ: ನೋಡಿಬಿಡು. ಅವಳು ಅದನ್ನು ಮುಟ್ಟಲೂ ಇಲ್ಲ. "ಇದು ನಿಮ್ಮ ಹತ್ರಾನೇ ಇರಲಿ, ಸಾರ್. ಓದೋ ಹೊತ್ತಿಗೆ ನೀವೇ ತಂದು ಹಾಕಿ," ಅಂದಳು. ಪರೀಕ್ಷೆಗೆ ಅಂತ ಮನೆಯ ವಾಷಿಂಗ್ ಮೆಷಿನ್ ಜೊತೆ ಬಂದಿದ್ದ ಪುಸ್ತಕವನ್ನು ಟೈಪು ಮಾಡಿಸಿ ತಂದಿದ್ದಳು. ಕಟ್ಟಡದ ಎಲ್ಲ ಪರದೆಗಳ ಮೇಲೂ, ಒಂದೇ ಗಳಿಗೆಗೆ, "ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿಕೊಳ್ಳಿ. ಒದ್ದೆ ಕೈಯಿಂದ ಮುಟ್ಟಬೇಡಿ" ಅಂತ ಬಹಳ ಗಂಭೀರವಾಗಿ ಮೂಡಿತು. ನಕ್ಕವಳು ನಾನೊಬ್ಬಳೇ.

ಓದುವ ದಿನ ಅತ್ತೆಗೆ ಪ್ರತ್ಯೇಕ ಕೋಣೆ ಕೊಡುತ್ತೇವೆ ಅಂದರು. "ಬೇರೆ ಕೂತ್ರೆ ಒಪ್ಕೊಂಡ ಹಾಗೆ," ಅಂದು ಅತ್ತೆ ಸಭಾಂಗಣದ ಪಕ್ಕದ ಓದುವ ಕೋಣೆಯಲ್ಲಿ ಉಳಿದವರ ನಡುವೆಯೇ ಕೂತರು. ಪಕ್ಕದಲ್ಲಿ ನಾನು. ಅದೇ ಸಾಲಿನಲ್ಲಿ, ಸ್ವಲ್ಪ ಆಚೆಗೆ, ದರ್ಜಿಯಮ್ಮ. ಅಕ್ಕ ಮೇಲೆ, ಯಂತ್ರಗಳ ಮುಂದೆ.

ಹಿರಿಯರು ನಿಧಾನವಾಗಿ ಓದಿದರು. ಕೆಳಗೆ ಅಕ್ಷರ ಮೂಡುತ್ತಾ ಹೋಯಿತು. ಉಗಿ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳಬೇಕಾದ ಕವಾಟವನ್ನು ತಂತಿಯಿಂದ ಬಿಗಿಯಲಾಗಿತ್ತು. ಬಿಗಿಯಲು ಹೇಳಿದವರು ಕಾರ್ಖಾನೆಯ ಆಡಳಿತದವರು. ಬಿಗಿದ ಕೈ ಬಾಯ್ಲರ್ ನಿರ್ವಾಹಕನದು. ಅಪಾಯ ಅವನಿಗೆ ತಿಳಿದಿತ್ತು. ಮೊದಲು ಆಗುವುದಿಲ್ಲ ಎಂದಿದ್ದ. ಕೊನೆಗೆ ಬಿಗಿದ.

ಗೋಡೆಯಾಚೆಯಿಂದ ಮೊದಲೇ ಏನೂ ಕೇಳಿ ಬಂದಿರಲಿಲ್ಲ. ಈಗ ಇಡೀ ಕಟ್ಟಡದಲ್ಲಿ, ಕೆಳಗೆ, ಪಕ್ಕದಲ್ಲಿ, ನಮ್ಮ ಕೋಣೆಯಲ್ಲಿ, ಒಟ್ಟಿಗೇ ದನಿ ಎದ್ದಿತು. ನನಗೆ ಮೇಲೆ ಕೂತ ಅಕ್ಕನ ನೆನಪಾಯಿತು. ಅವಳ ಭುಜ ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಪರದೆಯ ಚಿತ್ರ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

ಅತ್ತೆಯ ಮುಖ ಏನಾಯಿತು ಅಂತ ನಾನು ಬರೆಯಲಾರೆ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅದನ್ನು ಮುಚ್ಚಿಕೊಳ್ಳಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ. ಆಮೇಲೆ ಕುರ್ಚಿ ಹಿಡಿದು ಎದ್ದು ನಿಂತರು.

"ನನಗೂ ಈಗಲೇ ಗೊತ್ತಾಗಿದ್ದು," ಅಂದರು.

"ಸೊಸೆ ಹೇಳಿರ್ಲಿಲ್ವಾ?" ಅಂತ ಹಿಂದಿನಿಂದ ಯಾರೋ ಕೇಳಿದರು.

"ಅವಳಿಗೂ ಈಗಲೇ."

ನಾನು ಜಗಳಕ್ಕೆ ಸೆರಗು ಕಟ್ಟಿಕೊಂಡೇ ಕೂತಿದ್ದೆ. ಆದರೆ ಮಾತಾಡಿದ್ದು ದರ್ಜಿಯಮ್ಮ.

"ಗೊತ್ತು," ಅಂದರು. "ನಾನು ಪರದೆ ನೋಡ್ಲೇ ಇಲ್ಲ. ನಿನ್ನ ಮುಖಾನೇ ನೋಡ್ತಿದ್ದೆ."

ಅತ್ತೆ ನಿಂತೇ ಇದ್ದರು. ದರ್ಜಿಯಮ್ಮ ತಮ್ಮ ಜಾಗ ಬಿಟ್ಟು ಬಂದು ಅವರ ತೋಳು ಹಿಡಿದು ಕೆಳಕ್ಕೆ ಎಳೆದರು, ಮೆತ್ತಗೇನಲ್ಲ.

"ಕೂತ್ಕೋ. ಇನ್ನೂ ಓದ್ತಾ ಇದ್ದಾರೆ."