ಜೋಡಿ ಕಟ್ಟುವಾಗ ಕೆಮ್ಮಿದವರು

ನಾನು ಪೈಲ್ವಾನನಾಗಿದ್ದೆ ಎಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಎರಡನೇ ಸಾಲಿನ ಪೈಲ್ವಾನ ಎಂದು ನಾನೇ ಹೇಳಿಬಿಡುತ್ತೇನೆ, ಅದನ್ನು ಅವರು ಬೇರೆಯವರ ಬಾಯಿಂದ ಕೇಳುವುದು ಬೇಡ. ಮೊದಲ ಸಾಲು ಎಂದರೆ ಶ್ರೀರಂಗಪಟ್ಟಣದ ದೊಡ್ಡ ಗರಡಿಯವರು. ಅವರಿಗೆ ದಿನಾ ಹಾಲು, ತುಪ್ಪ, ಬಾದಾಮಿ. ಎರಡನೇ ಸಾಲು ಎಂದರೆ ನಾಗಮಂಗಲ, ಬೆಳ್ಳೂರು, ಕಿಕ್ಕೇರಿ, ಸಿಂಧಘಟ್ಟ, ಅತ್ತಿಗುಪ್ಪೆ, ಹಿರೋಡೆ, ಈ ಆರು ಊರಿನ ಗರಡಿಗಳು. ನಮಗೂ ಸಂಬಳವಿತ್ತು: ತಲೆಗಿಷ್ಟು ರಾಗಿ, ತಿಂಗಳಿಗೊಮ್ಮೆ ಒಂದು ಸೇರು ತುಪ್ಪ. ಆ ತುಪ್ಪ ಬಂದ ದಿನವೇ ಖಾಲಿಯಾಗುತ್ತಿತ್ತು.

ರಾಗಿಯ ಕಣ ಮುಗಿದ ಮೇಲೆ ನಮ್ಮ ಹಂಗಾಮು ಶುರು, ಯುಗಾದಿಯ ಹೊತ್ತಿಗೆ ಮುಕ್ತಾಯ. ಒಂದೊಂದು ಗರಡಿಯಿಂದ ಐದೈದು ಜನ. ಪ್ರತಿ ಊರಿನವರೂ ಉಳಿದ ಐದೂ ಊರಿನವರೊಂದಿಗೆ ಒಂದೊಂದು ಸಲ ಸೆಣಸಬೇಕು. ಹೆಚ್ಚು ಗೆದ್ದ ಎರಡು ಗರಡಿಗಳು ಕೊನೆಗೆ ಹಿರೋಡೆಯಲ್ಲಿ ಎದುರಾಗಬೇಕು. ಅಲ್ಲಿಗೆ ಪಟ್ಟಣದ ಗರಡಿಯ ಹಿರಿಯರೊಬ್ಬರು ಬಂದು ಒಬ್ಬ ಪೈಲ್ವಾನನನ್ನು, ಒಬ್ಬನನ್ನೇ, ಮೊದಲ ಸಾಲಿಗೆ ಆರಿಸಿಕೊಂಡು ಹೋಗುತ್ತಿದ್ದರು. ಆ ಒಬ್ಬ ನಾನಾಗಲೇಬೇಕಿತ್ತು. ನಮ್ಮದು ನಾಗಮಂಗಲದ ಕಂಚುಗಾರರ ಮನೆ. ಅಪ್ಪ ಆ ವರ್ಷ ಕಡ್ಡಿ ಮುರಿದಂತೆ ಹೇಳಿದ್ದರು: ಯುಗಾದಿಯೊಳಗೆ ಪಟ್ಟಣಕ್ಕೆ ಹೋದರೆ ಹೋಗು, ಇಲ್ಲವಾದರೆ ಲಂಗೋಟಿ ಬಿಚ್ಚಿಟ್ಟು ಬಂದು ಕುಲುಮೆಯ ತಿದಿ ಒತ್ತು. ನನಗೆ ತಿದಿ ಎಂದರೆ ಆಗುತ್ತಿರಲಿಲ್ಲ. ದಿನವಿಡೀ ಆ ಕುಲುಮೆಯ ಮುಂದೆ ಕೂತು ಚೆಂಬು ಎರಕ ಹೊಯ್ಯುವುದಕ್ಕಿಂತ ಯಾರ ಕೈಲಾದರೂ ನಾಲ್ಕು ಏಟು ತಿನ್ನುವುದು ವಾಸಿ ಎನ್ನಿಸುತ್ತಿತ್ತು.

ಮರಾಠರ ದಂಡು ನಮ್ಮೂರನ್ನು ತುಳಿದುಹೋಗಿ ಐದಾರು ವರ್ಷವಾಗಿತ್ತು. ಗರಡಿಗೆ ಇನ್ನೂ ಸೂರು ಇರಲಿಲ್ಲ, ಆದರೆ ಉಸ್ತಾದರಿದ್ದರು. ಐವತ್ತು ದಾಟಿದ ಒಕ್ಕಲು ಮನೆಯವರು. ಎಮ್ಮೆ ಕರೆದು, ಗದ್ದೆಗೆ ನೀರು ಕಟ್ಟಿ, ಆಮೇಲೆ ಬಂದು ನಮ್ಮನ್ನು ಮಣ್ಣಿಗೆ ಕೆಡವುತ್ತಿದ್ದರು. ವಯಸ್ಸಿನಲ್ಲಿದ್ದಾಗ ಇಪ್ಪತ್ತು ಹಂಗಾಮು ಆಡಿ, ಒಂದರಲ್ಲೂ ಪಟ್ಟಣದವರ ಕಣ್ಣಿಗೆ ಬೀಳದೆ ಉಳಿದವರು. ಅದರಿಂದ ಅವರು ಒಂದು ಪಾಠ ಕಲಿತಿದ್ದರು. ಕುಸ್ತಿ ಗೆಲ್ಲುವುದು ಮಣ್ಣಿನಲ್ಲಲ್ಲ, ಜೋಡಿ ಕಟ್ಟುವಾಗ.

ಜೋಡಿ ಕಟ್ಟುವುದೆಂದರೆ ಯಾರಿಗೆ ಯಾರು ಎದುರಾಳಿ ಎಂದು ಗೊತ್ತುಮಾಡುವುದು. ಅದಕ್ಕೆ ತಕ್ಕಡಿ ಇಲ್ಲ, ಅಳತೆಕೋಲು ಇಲ್ಲ. ಎರಡೂ ಊರಿನ ಹಿರಿಯರು ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ, ಕಣ್ಣಳತೆಯಲ್ಲೇ ಇವನಿಗೆ ಅವನು ಸರಿ ಎಂದು ಇಬ್ಬರ ಕೈ ಹಿಡಿಸಿದರೆ ಮುಗಿಯಿತು. ಹಾಗಾಗಿ ಜೋಡಿ ಕಟ್ಟುವಷ್ಟು ಹೊತ್ತು ಕೈಲಾಗದವರಂತೆ ನಿಲ್ಲಬೇಕು ಎಂಬುದೇ ಉಸ್ತಾದರ ಪಾಠ. ಹೊಟ್ಟೆ ಒಳಕ್ಕೆ, ಭುಜ ಕೆಳಕ್ಕೆ, ಕಣ್ಣಿನ ಕೆಳಗೆ ಒಂದಿಷ್ಟು ಒಲೆ ಬೂದಿ, ನಡುನಡುವೆ ಕೆಮ್ಮು. ಬೆಳಗ್ಗೆ ನೂರು ದಂಡ ಹೊಡೆಸಿದ ಮೇಲೆ ಸಂಜೆ ಕುಗ್ಗಿ ನಿಲ್ಲುವುದನ್ನೂ ಸಾಧನೆ ಮಾಡಿಸುತ್ತಿದ್ದರು. ಅದೇ ಕಷ್ಟದ್ದು. ನನಗಂತೂ ಮೊದಲ ವಾರ ಸೊಂಟ ಹಿಡಿದುಕೊಂಡಿತ್ತು.

ಬೆಳ್ಳೂರಿನವರು ನಮ್ಮನ್ನು ಕಂಡು ಮರುಗಿ, ತಮ್ಮಲ್ಲಿ ಸಣ್ಣವರನ್ನೇ ಹುಡುಕಿ ಜೋಡಿ ಕೊಟ್ಟರು. ಐದಕ್ಕೆ ಐದೂ ಗೆದ್ದೆವು. ಕಿಕ್ಕೇರಿಯಲ್ಲಿ ನಾಲ್ಕು. ಸಿಂಧಘಟ್ಟದಲ್ಲಿ ನಮ್ಮವನೊಬ್ಬ, ಬಡಗಿಗಳ ಮನೆಯವನು, ಉಸ್ತಾದರನ್ನೇ ಮೀರಿಸಲು ಹೋಗಿ ಮುಖಕ್ಕೆಲ್ಲ ಅರಿಶಿನ ಸವರಿಕೊಂಡು ಕಾಮಾಲೆಯವನಂತೆ ನಿಂತ. ಆ ಊರಿನ ಅಜ್ಜಿಯೊಬ್ಬರು ಅದನ್ನು ನಿಜವೆಂದೇ ನಂಬಿದರು. ಹೆತ್ತವರು ಇಂಥ ಮಗನನ್ನು ಹೇಗೆ ತಾನೇ ಕಳಿಸಿದರೋ ಎಂದು ಬೈಯುತ್ತಲೇ ನೆಲನೆಲ್ಲಿ ಅರೆದು, ಮಜ್ಜಿಗೆಗೆ ಕಲಸಿ, ಒಂದು ಚೆಂಬು ತುಂಬಾ ತಂದರು. ಕುಡಿಯದಿದ್ದರೆ ಬಣ್ಣ ಬಯಲಾಗುತ್ತದೆ. ಕುಡಿದ. ಅಜ್ಜಿ ಇನ್ನೊಂದು ಚೆಂಬು ತಂದರು. ಆ ದಿನ ಅವನು ಎದುರಾಳಿಯನ್ನು ಎಲೆ ಅಡಿಕೆ ಮಡಿಸುವಷ್ಟರಲ್ಲಿ ಚಿತ್ ಮಾಡಿ, ಪೇಟ ಸುತ್ತಿಸಿಕೊಳ್ಳಲೂ ನಿಲ್ಲದೆ ಕೆರೆಯ ಕಡೆ ಓಡಿದ. ಅವನ ಚುರುಕನ್ನು ಆ ಊರಿನವರು ಬಹಳ ಹೊಗಳಿದರಂತೆ. ಅಜ್ಜಿಯಂತೂ ಎಲ್ಲಾ ತಮ್ಮ ಔಷಧದ ಗುಣ ಎಂದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೀಗೆ ಕೆಮ್ಮುತ್ತ ಕೆಮ್ಮುತ್ತಲೇ ನಾವು ಹಿರೋಡೆಗೆ ಬಂದೆವು. ಎದುರಿಗೆ ಅತ್ತಿಗುಪ್ಪೆಯವರು. ಅವರಲ್ಲೊಬ್ಬ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗುವಂಥವನು. ಬೆಳಗ್ಗೆ ನನಗೆ ಏಕೋ ಅನುಮಾನ ಬಂತು. ಪಟ್ಟಣದ ಹಿರಿಯರು ಬರುವ ದಿನವಾದರೂ ಎದೆ ಬಿಟ್ಟು ನಿಲ್ಲಲೇ ಎಂದು ಉಸ್ತಾದರನ್ನು ಕೇಳಿದೆ.

"ನೀನು ಗೆಲ್ಲಾಕೆ ಬಂದಿದೀಯೋ, ನಿಲ್ಲಾಕೆ ಬಂದಿದೀಯೋ?" ಎಂದರು.

ಹೋಗಿ ಬೂದಿ ಬಳಿದುಕೊಂಡೆ. ಹಿರಿಯರು ತಟ್ಟು ಕುದುರೆಯ ಮೇಲೆ ಬಂದರು, ಬಿಳಿ ಮೀಸೆ, ಸಣ್ಣ ಕಣ್ಣು. ಜೋಡಿ ಕಟ್ಟುವುದನ್ನು ನಿಂತು ನೋಡಿದರು. ನಾನು ಆ ದಿನ ಎಂದಿಗಿಂತ ಚೆನ್ನಾಗಿ ಕುಗ್ಗಿದ್ದೆ. ನನಗೆ ಕಟ್ಟಿದ ಜೋಡಿ ಒಬ್ಬ ಕಡ್ಡಿ ಪೈಲ್ವಾನ, ಅವನನ್ನು ನೋಡಿ ನನಗೆ ಒಳಗೊಳಗೇ ನಗು. ಕೈ ಹಿಡಿಸಿದ್ದು ಮುಗಿಯುತ್ತಿದ್ದಂತೆ ಹಿರಿಯರು ನೇರ ಹೋಗಿ ಅತ್ತಿಗುಪ್ಪೆಯ ದೈತ್ಯನ ಭುಜ ಮುಟ್ಟಿ, ಇವನು ಸಾಕು ಎಂದು ತಟ್ಟಿನ ಕಡೆ ತಿರುಗಿದರು.

ಕುಸ್ತಿ ಇನ್ನೂ ಒಂದೂ ಆಗಿರಲಿಲ್ಲ. ನೋಡದೆ ಹೋಗುತ್ತೀರಾ ಎಂದು ಯಾರೋ ಕೇಳಿದರು. ಸೋಲು ಗೆಲುವು ಆ ಹೊತ್ತಿನದು, ನಾನು ನಿಂತ ಮೈ ನೋಡಿಯೇ ಆರಿಸುವವನು ಎಂದರು ಹಿರಿಯರು. ಇಷ್ಟು ವರ್ಷದಿಂದ ಅವರ ಪದ್ಧತಿಯೇ ಅದು. ಇಪ್ಪತ್ತು ಹಂಗಾಮು ಆಡಿದ ನಮ್ಮ ಉಸ್ತಾದರಿಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಅವರು ಹಿರೋಡೆಯವರೆಗೆ ಗೆದ್ದು ಬಂದದ್ದು ಅದೇ ಮೊದಲು. ನನಗೆ ಬಂದ ಸಿಟ್ಟಿಗೆ ಮೈಯೆಲ್ಲ ಉರಿಯಿತು.

ಹೊರಟ ಹಿರಿಯರು ಮತ್ತೆ ನಿಂತರು. ನಮ್ಮ ಸಾಲಿನ ಪಕ್ಕದಲ್ಲಿ ಉಸ್ತಾದರು ಜೋಡಿ ಚೆನ್ನಾಗಿ ಕೂತ ಹುಮ್ಮಸ್ಸಿನಲ್ಲಿ ಮೀಸೆ ತಿರುವಿಕೊಂಡು ಕಂಬದ ಹಾಗೆ ನಿಂತಿದ್ದರು. ಐದು ಜನಕ್ಕೆ ಕುಗ್ಗುವುದನ್ನು ಕಲಿಸಿದವರು ತಾವು ಮಾತ್ರ ಕುಗ್ಗಿರಲಿಲ್ಲ. ಪಟ್ಟಣದ ಗರಡಿಯಲ್ಲಿ ಎಳೆಯರಿಗೆ ಕಲಿಸಲು ಇಂಥ ಮೈಯವರು ಬೇಕು, ನಾಳೆ ಇವನ ಜೊತೆ ನೀವೂ ಬನ್ನಿ ಎಂದರು ಹಿರಿಯರು.

ಉಸ್ತಾದರ ಮುಖ ಅರಳಿತು. ಮರುಗಳಿಗೆಗೆ ನನ್ನನ್ನು ನೋಡಿದರು. ಆಮೇಲೆ, ಎರಡೂ ಊರಿನ ಜನ ಕೇಳುವಂತೆ, ಎಲ್ಲವನ್ನೂ ಒಪ್ಪಿಕೊಂಡುಬಿಟ್ಟರು. ಬೂದಿ, ಕೆಮ್ಮು, ಅರಿಶಿನ, ಒಂದನ್ನೂ ಬಿಡಲಿಲ್ಲ. "ಇವನ ಮೈ ಇಂಗಲ್ಲ ಸ್ವಾಮಿ, ನಾನು ಇಂಗೆ ಮಾಡಿವ್ನಿ. ನನ್ನ ಬುಟ್ಟು ಇವನ್ನ ಕರ್ಕೊಂಡೋಗಿ" ಎಂದು ಕೈ ಮುಗಿದು, ನನ್ನ ಕಡೆ ತಿರುಗಿದರು: "ನೆಟ್ಟಗೆ ನಿಂತ್ಕೊಳ್ಳಲಾ."

ಅತ್ತಿಗುಪ್ಪೆಯವರು ಕೂಗಾಡತೊಡಗಿದರು. ನಾನು ಬೂದಿ ಒರೆಸಿಕೊಂಡು, ಎದೆ ಉಬ್ಬಿಸಿ, ಜನ್ಮದಲ್ಲೇ ನಿಂತಿರದಷ್ಟು ನೆಟ್ಟಗೆ ನಿಂತೆ. ಹಿರಿಯರು ನನ್ನ ಸುತ್ತ ಒಂದು ಸುತ್ತು ಬಂದರು.

"ಇದೇ ವೇಷ," ಎಂದರು. "ಆಗ ನಿಂತಿದ್ಯಲ್ಲ, ಅದೇ ನಿನ್ನ ಮೈ."

ತಟ್ಟು ಹತ್ತಿ ಹೊರಟುಹೋದರು. ಕೈ ಹಿಡಿದ ಮೇಲೆ ಜೋಡಿ ಬಿಡಿಸುವಂತಿಲ್ಲ ಎಂಬುದು ನಮ್ಮ ಆರೂ ಊರಿನ ಕಟ್ಟಳೆ. ಆದರೂ ನಾನು ಕಡ್ಡಿ ಪೈಲ್ವಾನನ ಕೈ ಬಿಟ್ಟೆ, ಅವನಿಗೆ ಬಹಳ ಸಂತೋಷವಾಯಿತು. ದೈತ್ಯನ ಮುಂದೆ ಹೋಗಿ ನಿಂತೆ. ಅತ್ತಿಗುಪ್ಪೆಯವರಿಗೆ ನನ್ನ ಮೂಳೆ ಮುರಿಯುವುದನ್ನು ನೋಡಬೇಕಿತ್ತು, ಕಟ್ಟಳೆ ಮರೆತು ಒಪ್ಪಿದರು. ಕುಸ್ತಿ ಎಷ್ಟು ಹೊತ್ತು ನಡೆಯಿತೋ ತಿಳಿಯದು. ಕಿವಿಯಲ್ಲಿ ಮಣ್ಣು, ಬಾಯಲ್ಲಿ ಮಣ್ಣು. ಕೊನೆಗೆ ಅವನ ಬೆನ್ನು ನೆಲಕ್ಕೆ ತಾಗಿದಾಗ ನಾನು ಅವನ ಎದೆಯ ಮೇಲೆಯೇ ಕೂತಿದ್ದೆ. ಏಳಲು ಶಕ್ತಿ ಇರಲಿಲ್ಲ.

ಪಾಪ, ಅವನು ಒಳ್ಳೆಯವನು. ಸಂಜೆ ಬಂದು ಪಕ್ಕದಲ್ಲಿ ಕೂತು, "ಗೆದ್ದೋನು ನೀನು, ಓಗೋನು ನಾನು. ನಾನೇನು ಮಾಡ್ಲಣ್ಣ?" ಎಂದು ಕೇಳಿದ. ಹೋಗಿ ಬಾದಾಮಿ ತಿನ್ನು ಎಂದೆ. ಹೊಟ್ಟೆಕಿಚ್ಚಿನಿಂದಲೇ ಹೇಳಿದ್ದು, ಸುಳ್ಳೇಕೆ.

ಉಸ್ತಾದರು ಮಾತ್ರ ನನ್ನ ಹತ್ತಿರ ಸುಳಿಯಲಿಲ್ಲ. ಬೆಳಗಾದ ಮೇಲೆ ಬಂದು, ನೆಲ ನೋಡುತ್ತ, "ಓಗ್ಲೇನ್ಲಾ?" ಎಂದರು. ಬೇಡ ಎಂದಿದ್ದರೆ ನಿಂತುಬಿಡುತ್ತಿದ್ದರು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎನ್ನಲು ಬಾಯಿ ತುರಿಸುತ್ತಲೂ ಇತ್ತು. ಅವರ ಗಂಟನ್ನು ಕಿತ್ತುಕೊಂಡು ದೈತ್ಯನ ತಲೆಯ ಮೇಲಿಟ್ಟು, ಬಿಸಿಲೇರುವ ಮುಂಚೆ ನಡೆಯಿರಿ ಎಂದೆ.

ಪಟ್ಟಣದ ಈಚೆಗಿನ ಹೊಳೆಯವರೆಗೆ ಮೂವರೂ ನಡೆದೆವು. ನೀರು ತೊಡೆಯ ಮಟ್ಟ ಇತ್ತು. ಉಸ್ತಾದರು ಪಟ್ಟಣಕ್ಕೆಂದು ಇದ್ದ ಒಂದೇ ಒಳ್ಳೆಯ ಪಂಚೆ ಉಟ್ಟಿದ್ದರು. ಅದು ಒದ್ದೆಯಾಗಬಾರದೆಂದು ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದೆ. ನಡು ಹೊಳೆಯಲ್ಲಿ ನನ್ನ ತಲೆಯ ಮೇಲೆ ಬಿಸಿ ಹನಿ ಬಿತ್ತು. ನಾನು ಮೇಲೆ ನೋಡಲಿಲ್ಲ. ಅವರು ನನ್ನ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಆಚೆ ದಡದಲ್ಲಿ ಅವರನ್ನು ಇಳಿಸಿ, ಕಾಲು ಮುಟ್ಟಿ, ಅಪ್ಪನ ತಿದಿಯ ಕಡೆ ತಿರುಗಿದೆ. ಪಟ್ಟಣದ ಮಣ್ಣು ಎಂದು ನನ್ನ ಪಾದಕ್ಕೆ ಮೆತ್ತಿದ್ದು ಆ ದಡದ ಒಂದು ಹಿಡಿ ಮರಳು ಅಷ್ಟೇ. ಬರುವ ದಾರಿಯಲ್ಲಿ ಹೊಳೆ ಅದನ್ನೂ ತೊಳೆದುಬಿಟ್ಟಿತು.