ಬಾವಿಗಳ ಪುಸ್ತಕದ ಎರಡನೇ ಆವೃತ್ತಿ

ಹೊಸ ರಕ್ಷಾಪುಟ ಹೊದ್ದು ಬರುವ ಹಳೆಯ ಪುಸ್ತಕಗಳನ್ನು ಹಿಡಿಯುವುದರಲ್ಲಿ ನಾನು ಎತ್ತಿದ ಕೈ. ಯಲಬುರ್ಗಾದ ಗ್ರಂಥಾಲಯದಲ್ಲಿ ಅದು ನನ್ನ ಕೆಲಸವೂ ಹೌದು. ಒಳಗಿನ ಬರಹ ತಿದ್ದಿದ್ದರೆ ಹೊಸ ಆವೃತ್ತಿ. ಇದ್ದದ್ದೇ ಮತ್ತೆ ಅಚ್ಚಾಗಿದ್ದರೆ ಮರುಮುದ್ರಣ. ಪ್ರಕಾಶಕರು ಹೊರಗೆ ಏನು ಬೇಕಾದರೂ ಹಾಕಿಕೊಳ್ಳಲಿ, ಒಳಗೆ ನೋಡದೆ ನಾನು ನಂಬುವವನಲ್ಲ. ಈ ಜಂಬ ಹೋದ ವರ್ಷ ಇಳಿಯಿತು.

ನಿವೃತ್ತ ಮಾಸ್ತರರೊಬ್ಬರು ಕುಷ್ಟಗಿಯಿಂದ ಬಸ್ಸಿನಲ್ಲಿ ಬಂದಿದ್ದರು. ಸುತ್ತಲಿನ ಊರುಗಳ ಬಾವಿಗಳ ಬಗ್ಗೆ ಅವರು ಬರೆದ ಪುಸ್ತಕ ನಮ್ಮಲ್ಲಿ ಮೊದಲೇ ಇತ್ತು. ಈಗ ತಂದದ್ದರ ಮೇಲೆ ‘ಪರಿಷ್ಕೃತ ಎರಡನೇ ಆವೃತ್ತಿ’ ಎಂದಿತ್ತು. ಜೊತೆಗೆ ವಯಸ್ಸಾದ ಹೆಣ್ಣುಮಗಳೊಬ್ಬಳನ್ನು ಕರೆತಂದಿದ್ದರು. ಆಕೆಯ ತಂದೆ ಗೌಂಡಿ. ಹನುಮಸಾಗರದ ಹಾದಿಯಲ್ಲಿ ಬಾವಿ ಕಟ್ಟುವಾಗ ಕಲ್ಲು ಜಾರಿ ಸತ್ತವನು. ಮೊದಲ ಪುಸ್ತಕದಲ್ಲಿ ಬಾವಿ ಕಟ್ಟಿಸಿದ ಸಾಹುಕಾರನ ಹೆಸರಿತ್ತು, ಗೌಂಡಿಯದಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಹಾಕುತ್ತೇನೆಂದು ಮಾಸ್ತರರು ಆಕೆಗೆ ಮಾತು ಕೊಟ್ಟಿದ್ದರು. ಬಾವಿ ಮುಚ್ಚಿ ಅಲ್ಲೀಗ ಅಂಗಡಿಗಳಾಗಿವೆ. ಹೆಸರು ಉಳಿಯಬೇಕಾದರೆ ಪುಸ್ತಕದಲ್ಲೇ ಉಳಿಯಬೇಕು.

ರೂಢಿಯಂತೆ ಹಳೆಯ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು ಹಾಳೆ ತಿರುವಿದೆ. ಪುಟಕ್ಕೆ ಪುಟ, ಸಾಲಿಗೆ ಸಾಲು ಒಂದೇ. ಅಚ್ಚಿನ ತಪ್ಪುಗಳೂ ಎಲ್ಲಿದ್ದವೋ ಅಲ್ಲೇ ಇದ್ದವು. ಮಾಸ್ತರರು ತಿದ್ದಿ ಕೊಟ್ಟ ಹಾಳೆಗಳನ್ನು ಮುಟ್ಟದೆ ಪ್ರೆಸ್ಸಿನವರು ಹಳೆಯ ಫೈಲನ್ನೇ ಅಚ್ಚಿಗೆ ಹಾಕಿದ್ದರು. ಮಾಸ್ತರರ ಕಣ್ಣು ಮಂಜಾಗಿ ಓದು ನಿಂತೇ ಹೋಗಿತ್ತು, ಅವರಿಗೆ ಇದು ಗೊತ್ತಿರಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಹೇಳುವಾಗ ನನ್ನ ಕೆಲಸದ ಮೇಲೆಯೇ ಹೇಸಿಗೆಯಾಯಿತು.

ಆ ಹಾಳೆಗಳ ಇನ್ನೊಂದು ಪ್ರತಿ ಅವರ ಬಳಿ ಇರಲಿಲ್ಲ. ಪ್ರೆಸ್ಸೂ ಬಾಗಿಲು ಹಾಕಿತ್ತು. ಮತ್ತೆ ಬರೆಯುವುದೆಂದರೆ ಅವರು ಕಣ್ಣೆಲ್ಲಿಂದ ತರಬೇಕು?

“ಎರಡನೇ ಆವೃತ್ತಿ ಅಂತನ ಬರ್ಕೊಳ್ರಿ,” ಎಂದರು ಮಾಸ್ತರರು ಕೊನೆಗೆ. “ಆಕಿ ಇಲ್ಲೇ ಕುಂತಾಳ್ರಿ.”

ಕಂಪ್ಯೂಟರಿನ ಮುಂದೆ ಕೂತೆ, ಕೈ ಓಡಲಿಲ್ಲ. ಅಷ್ಟರಲ್ಲಿ ಆಕೆ ಎದ್ದು ಬಂದಳು. ಓದು ಬಾರದವಳು. ತೆರೆದಿದ್ದ ಪುಟದ ಮೇಲೆ ಬೆರಳು ಚಾಚಿ ಕೇಳಿದಳು: “ನಮ್ಮ ಅಬ್ಬಾನ ಹೆಸರು ಎಲ್ಲೈತ್ರಿ? ಅದರ ಮ್ಯಾಲ ನನ್ನ ಬೆರಳ ಇಡ್ರಿ.”

ಸುಳ್ಳು ಹೇಳಿ ಯಾವುದೋ ಸಾಲಿನ ಮೇಲೆ ಇಡಬಹುದಿತ್ತು. ಅಲ್ಲಿದ್ದದ್ದು ಸಾಹುಕಾರನ ಹೆಸರು.

ಬಂದಿಲ್ಲ ಎಂದು ಮಾಸ್ತರರೇ ಹೇಳಿದರು. ಆಕೆ ಬೆರಳು ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. ಹಾಗಾದರೆ ಮುಂದಿನದರಲ್ಲಿ ಬರುತ್ತದೆಯೇ ಎಂದು ಕೇಳಿದಳು. ಮಾಸ್ತರರು ಪುಸ್ತಕ ಮುಚ್ಚಿದರು.

ಅವರು ಬಸ್ಸಿಗೆ ಹೋದ ಮೇಲೆ ‘ಮರುಮುದ್ರಣ’ ಎಂದು ಹಾಕಿದೆ. ನಿಯಮದ ಪ್ರಕಾರ ಅದೇ ಸರಿ.